ವನವಿಹಾರದ ಪಾಠ

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಪರ್ವತಕ್ಕೂ ವನವಿಹಾರಕ್ಕೂ ಸ್ಥಾನವುಂಟು. ಈ ಪಟ್ಟಿಯನ್ನು ಕಂಠಪಾಠ ಮಾಡಿಸುತ್ತ ಇಪ್ಪತ್ತೈದು ವರ್ಷಗಳನ್ನು ಕಳೆದ ನಾನು ವಿದ್ಯಾರ್ಥಿಗಳೊಡನೆ ಕಾಡಿನ ಹಾದಿಯನ್ನು ತುಳಿದುದು ತೀರ ಈಚೆಗೆ. ಅಂದು ನಾನೇ ಕಲಿತ ಪಾಠವನ್ನು ಇಲ್ಲಿ ನಿವೇದಿಸುತ್ತೇನೆ.

ತುಮಕೂರು ನಗರದಿಂದ ಸುಮಾರು 15 ಕಿಲೋಮೀಟರು ದೂರದಲ್ಲಿರುವ ದೇವರಾಯನದುರ್ಗವು ಹೆಚ್ಚುಕಡಿಮೆ 1,200 ಮೀಟರು ಎತ್ತರದ ಬೆಟ್ಟ. ಸುತ್ತಲೂ ಎಲೆಯುದುರುವ ಮರಗಳ ಕಾಡು. ಬೆಟ್ಟದ ಬುಡದಲ್ಲಿ ನಾಮದ ಚಿಲುಮೆ. ನಾಮ ಧರಿಸಲು ನೀರು ಬೇಕಾಗಿ ಶ್ರೀರಾಮನು ಬಂಡೆಗೆ ಬಾಣವನ್ನೆಸೆಯಲು ಒರತೆ ಚಿಮ್ಮಿತೆಂಬುದು ಸ್ಥಳಪುರಾಣ.

ಈ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷೆಯು ತೆಂಕಲಿಗೆ ಹರಿದು ಕಾವೇರಿಯನ್ನು ಸೇರುತ್ತದೆ. ಜಯಮಂಗಲಿಯಾದರೋ ಬಡಗಲಿಗೆ ತಿರುಗಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾಯ್ದು ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಇದನ್ನು ವಿವರಿಸುತ್ತಿರಲು ಮಧುಗಿರಿ ಕಡೆಯ ಬಾಲಕನೊಬ್ಬನು, “ಮೇಷ್ಟ್ರೇ, ನಮ್ಮ ಹೊಳೆಯಲ್ಲಿ ನಾನು ಕಂಡದ್ದು ಬರಿಯ ಮರಳು. ಇಲ್ಲಿ ಹುಟ್ಟಿದ ನೀರು ಎಲ್ಲಿಗೆ ಹೋಯಿತು?” ಎಂದನು. ನಾನು ನಿರುತ್ತರನಾದೆ.

ಜೊತೆಗಿದ್ದ ಅರಣ್ಯದ ಕಾವಲುಗಾರರು ಕಾಲುದಾರಿಯ ಅಂಚಿನ ತರಗೆಲೆಗಳನ್ನು ಸರಿಸಿದರು. ಮಳೆ ನಿಂತು ನಾಲ್ಕು ದಿನಗಳಾಗಿದ್ದರೂ ಅಡಿಯ ಮಣ್ಣು ತೇವವಾಗಿತ್ತು. ತರಗು ಮಳೆಯ ರಭಸವನ್ನು ತಡೆಯುತ್ತದೆ. ಮಣ್ಣು ನೀರನ್ನು ಹೀರಿ ಬಂಡೆಯ ಸಂದುಗಳಿಗೆ ಮೆಲ್ಲನೆ ಇಳಿಸುತ್ತದೆ. ಅದೇ ಒರತೆಯ ಮೂಲ. ತುಸು ಮುಂದೆ, ಬೇಸಗೆಯ ಕಿಚ್ಚಿಗೆ ಸಿಕ್ಕಿದ್ದ ಇಳುಕಲಿನಲ್ಲಿ ತರಗೂ ಇಲ್ಲ, ತೇವವೂ ಇಲ್ಲ. ನೀರು ಕೊರೆದ ಕೊರಕಲು ಮಾತ್ರ ಇದ್ದಿತು. ಅಲ್ಲಿ ಬಿದ್ದ ಮಳೆಯು ನಿಲ್ಲದೆ ಮಣ್ಣನ್ನೂ ಹೊತ್ತುಕೊಂಡು ಓಡಿ ಕೆರೆಗಳಲ್ಲಿ ಹೂಳಾಗುತ್ತದೆ. ಕೆಳಗಿನ ಬಯಲಿನಲ್ಲಿ ಮರಳನ್ನು ಬಗೆದುದೂ, ಕೊಳವೆಬಾವಿಗಳು ಅಂತರ್ಜಲವನ್ನು ಸೆಳೆದುದೂ ಇದರೊಡನೆ ಸೇರಿ ಹೊಳೆಯನ್ನು ಬತ್ತಿಸಿದುವು. ಬಾಲಕನ ಪ್ರಶ್ನೆಗೆ ಉತ್ತರವಿದು.

ಆದಕಾರಣ ಚಾರಣಕ್ಕೆ ಹೊರಡುವವರು ಅರಿಯತಕ್ಕ ನಿಯಮಗಳು ಕೇವಲ ಶಿಷ್ಟಾಚಾರವಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಬೇಕು. ಚಿರತೆ, ಕರಡಿಗಳ ಸೀಮೆಯಾದ್ದರಿಂದ ಹೊತ್ತು ಮುಳುಗುವ ಮುನ್ನ ಮರಳಬೇಕು. ಬೆಂಕಿಕಡ್ಡಿಯನ್ನು ಗೀರಲಾಗದು. ಸವೆದ ಹಾದಿಯನ್ನು ಬಿಟ್ಟು ಅಡ್ಡದಾರಿ ಹಿಡಿಯಲಾಗದು; ಇಂದಿನ ಅಡ್ಡದಾರಿಯೇ ಬರುವ ಮಳೆಗಾಲದ ಕೊರಕಲು.

ಇಳಿಯುವಾಗ ಹಸಿದ ಹುಡುಗರು ಅಡ್ಡದಾರಿಗೆ ನುಗ್ಗಿದರು. ಅವರನ್ನು ತಡೆದವನು ನಾನಲ್ಲ. “ಅದು ನಮ್ಮ ಹೊಳೆಯ ದಾರಿ ಕಣ್ರೋ, ಈಚೆಗೆ ಬನ್ನಿ” ಎಂದು ಕೂಗಿದವನು ಆ ಮಧುಗಿರಿಯ ಬಾಲಕ.

ಮುಂದಿನ ವರ್ಷ ಕೊರಟಗೆರೆಯ ಸಿದ್ಧರಬೆಟ್ಟಕ್ಕೆ ಹೋಗಬೇಕೆಂಬ ಸಂಕಲ್ಪವಿದೆ. ಆ ಸೀಮೆಯ ಗಿಡಮೂಲಿಕೆಗಳನ್ನೂ ಹಾದಿಗಳನ್ನೂ ಬಲ್ಲ ಹಳೆಯ ವಿದ್ಯಾರ್ಥಿಗಳು ನಮ್ಮೊಡನೆ ಹೆಜ್ಜೆಯಿಡಬೇಕೆಂದು ಪ್ರಾರ್ಥಿಸುತ್ತೇನೆ.