ಮನೆಯ ಶಿಶುಪಾಲನಾ ಕೇಂದ್ರದಲ್ಲಿ ಚೂಯಿಂಗ್ ಗಮ್: ಒಂದು ಚಿಕ್ಕ ನಿಯಮದ ದೊಡ್ಡ ಲೆಕ್ಕ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆಯ ಸಣ್ಣ ಉದ್ದಿಮೆಗಳಲ್ಲಿ ದುಡಿಯುವ ಮಹಿಳೆಯರಲ್ಲಿ ಅನೇಕರು ಎಳೆಯ ಮಕ್ಕಳ ತಾಯಂದಿರು. ಅಡಿಕೆ ಸುಲಿಯುವ ಕಣವಾಗಲಿ, ಹೊಲಿಗೆಯ ಘಟಕವಾಗಲಿ, ಎಣ್ಣೆಯ ಗಿರಣಿಯಾಗಲಿ, ಮಗುವನ್ನು ನೋಡಿಕೊಳ್ಳುವವರಿಲ್ಲದ ದಿನ ಆ ಕೆಲಸಗಾರಳ ಹಾಜರಿಯೂ ಇಲ್ಲ. ಆದ್ದರಿಂದ ನೆರೆಯ ಗೃಹಿಣಿಯೊಬ್ಬರು ತಮ್ಮ ಮನೆಯಲ್ಲಿಯೇ ಎಂಟು ಹತ್ತು ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ವರ್ತಕರಿಗೂ ಉದ್ಯಮಿಗಳಿಗೂ ಪರೋಕ್ಷವಾಗಿ ಆಧಾರವಾಗಿದೆ. ಇಂತಹ ಕೇಂದ್ರದಲ್ಲಿ ಮಕ್ಕಳಿಗೆ ಚೂಯಿಂಗ್ ಗಮ್ ಅಗಿಯಲು ಬಿಡಬಹುದೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಹೊಣೆ, ನಷ್ಟ ಮತ್ತು ನಿಯಮಗಳ ಪಾಠವನ್ನು ಕಲಿಯಲು ಇದಕ್ಕಿಂತ ಸರಳವಾದ ಉದಾಹರಣೆ ದೊರೆಯುವುದು ಕಷ್ಟ.

ಕಾನೂನಿನ ಹಿನ್ನೆಲೆ

1948ರ ಕಾರ್ಖಾನೆಗಳ ಕಾಯಿದೆಯು 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯಗೊಳಿಸಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆಯು 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಈ ಹೊಣೆಯನ್ನು ವಿಸ್ತರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ 50 ನೌಕರರ ಮಿತಿಯನ್ನೇ ಅನುಸರಿಸಿದೆ. ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಲು ಅವಕಾಶ ನೀಡಿದೆ. ಹಲವು ಸಂಸ್ಥೆಗಳು ಸೇರಿ ಒಂದೇ ಸಾಮಾನ್ಯ ಕೇಂದ್ರವನ್ನು ನಡೆಸಲು ಅಥವಾ ಖಾಸಗಿ ಕೇಂದ್ರದ ಸೇವೆಯನ್ನು ಪಡೆಯಲು ಸಹ ಅದು ಅನುಮತಿಸುತ್ತದೆ. ಐವತ್ತಕ್ಕಿಂತ ಕಡಿಮೆ ನೌಕರರಿರುವ ಸಣ್ಣ ಘಟಕಕ್ಕೆ ಈ ಕಡ್ಡಾಯವಿಲ್ಲ. ಅಂತಹ ಕಡೆ ಮನೆಯ ಕೇಂದ್ರವೇ ಗತಿ.

ಶುಲ್ಕ ಪಡೆದು ನಡೆಸುವ ಕೇಂದ್ರವು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅರ್ಥದಲ್ಲಿ ಒಂದು 'ಸೇವೆ'. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸೇವಾದಾರರಿಗೆ ಜಿಎಸ್‌ಟಿ ನೋಂದಣಿಯ ಅಗತ್ಯ ಸಾಮಾನ್ಯವಾಗಿ ಬಾರದು. ಆದರೆ ನೋಂದಣಿಯಿಂದ ವಿನಾಯಿತಿ ದೊರೆತ ಮಾತ್ರಕ್ಕೆ ಹೊಣೆಯಿಂದ ವಿನಾಯಿತಿ ದೊರೆತಂತಾಗದು. 'ಗಮ್ ಕೊಡಲು ನಮ್ಮ ಒಪ್ಪಿಗೆಯಿದೆ' ಎಂದು ಪಾಲಕರಿಂದ ಬರೆಯಿಸಿಕೊಂಡ ಚೀಟಿಯೂ ನಿರ್ಲಕ್ಷ್ಯದ ಆರೋಪವನ್ನು ತೊಳೆದು ಹಾಕಲಾರದು.

ಅಪಾಯ ಎಲ್ಲಿದೆ?

ನುಂಗಿದ ಗಮ್ ಏಳು ವರ್ಷ ಹೊಟ್ಟೆಯಲ್ಲಿ ಉಳಿಯುತ್ತದೆ ಎಂಬ ಮಾತು ಕಟ್ಟುಕಥೆ. ಗಮ್‌ನ ಮೂಲದ್ರವ್ಯ ಜೀರ್ಣವಾಗದಿದ್ದರೂ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮಲದೊಡನೆ ಹೊರಹೋಗುತ್ತದೆ. ಆದರೆ ಪದೇ ಪದೇ ನುಂಗುವ ಅಭ್ಯಾಸವಿದ್ದ ಎಳೆಯ ಮಕ್ಕಳ ಕರುಳಿನಲ್ಲಿ ಗಮ್ ಗಂಟುಕಟ್ಟಿ ತಡೆಯುಂಟುಮಾಡಿದ ಪ್ರಕರಣಗಳನ್ನು 1998ರಲ್ಲಿ ಅಮೆರಿಕದ 'ಪೀಡಿಯಾಟ್ರಿಕ್ಸ್' ವೈದ್ಯಕೀಯ ಪತ್ರಿಕೆ ವರದಿ ಮಾಡಿದೆ.

ಇದಕ್ಕಿಂತ ಗಂಭೀರವಾದುದು ಉಸಿರುಕಟ್ಟುವ ಅಪಾಯ. ನಾಲ್ಕೈದು ವರ್ಷದೊಳಗಿನ ಮಗುವಿನ ಶ್ವಾಸನಾಳ ಕಿರಿದು. ಅಗಿದು ಉಗಿಯಬೇಕು, ನುಂಗಬಾರದು ಎಂಬ ವಿವೇಚನೆ ಅದಕ್ಕಿನ್ನೂ ಬಂದಿರುವುದಿಲ್ಲ. ಅಂಟುವ, ಆಕಾರ ಬದಲಿಸುವ ವಸ್ತು ಗಂಟಲಿನಲ್ಲಿ ಕುಳಿತರೆ ಕೆಮ್ಮಿನಿಂದ ಹೊರಬರುವುದು ಕಠಿಣ. ನಗುತ್ತ, ಓಡುತ್ತ, ಮಲಗಿ ಅಗಿಯುವಾಗ ಅಪಾಯ ಮತ್ತಷ್ಟು ಹೆಚ್ಚುತ್ತದೆ.

ಮತ್ತೊಂದು ಪಕ್ಷವೂ ಉಂಟು. ಸಕ್ಕರೆರಹಿತ, ವಿಶೇಷವಾಗಿ ಕ್ಸೈಲಿಟಾಲ್ ಇರುವ ಗಮ್ ಅಗಿಯುವುದರಿಂದ ಬಾಯಲ್ಲಿ ಲಾಲಾರಸ ಹೆಚ್ಚಿ ಹಲ್ಲಿನ ಹುಳುಕಿಗೆ ಸ್ವಲ್ಪಮಟ್ಟಿನ ತಡೆಯಾಗುತ್ತದೆ ಎಂದು ದಂತವೈದ್ಯರು ಹೇಳುವುದುಂಟು. ಶಾಲೆ ಮುಗಿಸಿ ಬರುವ ಎಂಟು ಹತ್ತು ವರ್ಷದ ಬಾಲಕನಿಗೆ ಅದು ಅನ್ವಯಿಸೀತು. ಆದರೆ ಮನೆಯ ಕೇಂದ್ರದಲ್ಲಿ ಎಲ್ಲ ವಯಸ್ಸಿನವರೂ ಒಂದೇ ಚಾಪೆಯ ಮೇಲೆ ಇರುತ್ತಾರೆ. ದೊಡ್ಡವನು ಗೋಡೆಗೆ ಅಂಟಿಸಿದ ಗಮ್ ಅಂಬೆಗಾಲಿಡುವ ಕೂಸಿನ ಬಾಯಿ ಸೇರಲು ಕ್ಷಣ ಸಾಕು. ಹೀಗಾಗಿ ವಯಸ್ಸಿಗೊಂದು ನಿಯಮವೆಂಬುದು ಕಾಗದದ ಮೇಲೆ ಸರಿ, ಮನೆಯೊಳಗೆ ಕಾರ್ಯಸಾಧ್ಯವಲ್ಲ.

ವಿವೇಕ ತತ್ತ್ವದ ಅನ್ವಯ

ಲೆಕ್ಕಶಾಸ್ತ್ರದಲ್ಲಿ ವಿವೇಕ ತತ್ತ್ವವೆಂಬುದೊಂದಿದೆ: ಸಂಭವನೀಯ ನಷ್ಟಕ್ಕೆ ಮುಂಚಿತವಾಗಿ ಅವಕಾಶ ಕಲ್ಪಿಸಬೇಕು, ಕೈಸೇರದ ಲಾಭವನ್ನು ಲೆಕ್ಕಕ್ಕೆ ಹಿಡಿಯಬಾರದು. ಇದನ್ನು ಇಲ್ಲಿಗೂ ಅನ್ವಯಿಸಬಹುದು.

ಹತ್ತು ಮಕ್ಕಳಿಂದ ತಿಂಗಳಿಗೆ ತಲಾ 1,500 ರೂಪಾಯಿ ಪಡೆಯುವ ಕೇಂದ್ರವೊಂದಿದೆ ಎಂದು ಭಾವಿಸಿದರೆ, ಅದರ ವಾರ್ಷಿಕ ವರಮಾನ 1,80,000 ರೂಪಾಯಿ. ಗಮ್‌ಗೆ ಅನುಮತಿ ನೀಡಿದರೆ ದೊರೆಯುವ ಲಾಭವೆಂದರೆ ಅಳುವ ಮಗು ಅರ್ಧ ಗಂಟೆ ಸುಮ್ಮನಿರುವುದು. ಅದರ ಬದಲು ಮಗುವಿಗೆ ದಿನಕ್ಕೆ 5 ರೂಪಾಯಿಯ ಬಾಳೆಹಣ್ಣು ಕೊಟ್ಟರೆ, ತಿಂಗಳಿಗೆ 25 ದಿನದಂತೆ ಹತ್ತು ಮಕ್ಕಳಿಗೆ 1,250 ರೂಪಾಯಿ, ವರ್ಷಕ್ಕೆ 15,000 ರೂಪಾಯಿ ವೆಚ್ಚ. ಇದು ವರಮಾನದ ಹನ್ನೆರಡನೆಯ ಒಂದು ಭಾಗ. ಮೂರು ಘಟಕಗಳ ಮಾಲೀಕರು ಇದನ್ನು ಹಂಚಿಕೊಂಡರೆ ತಲಾ 5,000 ರೂಪಾಯಿ ಮಾತ್ರ. ಇನ್ನೊಂದು ತಟ್ಟೆಯಲ್ಲಿ ಇರುವುದು ಒಂದು ಜೀವ. ಗೋದಾಮಿನ ಸರಕಿಗೆ ವಿಮೆ ಮಾಡಿಸಿ ನಷ್ಟ ತುಂಬಿಕೊಳ್ಳಬಹುದು. ಈ ನಷ್ಟವನ್ನು ತುಂಬಿಕೊಡುವ ಪಾಲಿಸಿ ಯಾವುದೂ ಇಲ್ಲ.

ನಿಷೇಧ ಗಮ್‌ಗೆ ಮಾತ್ರವೇ?

ಗಮ್ ನಿಷೇಧಿಸಿ, ಅದೇ ಕೈಯಲ್ಲಿ ಹುರಿದ ಶೇಂಗಾ ಬೀಜ ಕೊಟ್ಟರೆ ನಿಯಮ ವ್ಯರ್ಥ. ಶೇಂಗಾ ಬೆಳೆಯುವ ಈ ಜಿಲ್ಲೆಯಲ್ಲಿ ಅದನ್ನು ಯಾರೂ ಅಪಾಯವೆಂದು ಎಣಿಸುವುದಿಲ್ಲ. ಆದರೆ ಎಳೆಯ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಇಡಿಯ ಶೇಂಗಾ ಬೀಜ ಪ್ರಮುಖವಾದುದು. ಪುಡಿ ಮಾಡಿದ ಶೇಂಗಾ ಸರಿ, ಇಡಿಯ ಬೀಜ ಸಲ್ಲದು. ಗಟ್ಟಿ ಪೆಪ್ಪರಮಿಂಟು, ಇಡಿಯ ದ್ರಾಕ್ಷಿ, ಅಡಿಕೆ ಚೂರು ಇವೂ ಅದೇ ಪಟ್ಟಿಗೆ ಸೇರಬೇಕು. ಹೊಳಲ್ಕೆರೆ, ಹೊಸದುರ್ಗಗಳಂತಹ ಅಡಿಕೆ ಸೀಮೆಯಲ್ಲಿ ಆಯಾ ಎಲೆ ಅಡಿಕೆ ಮೆಲ್ಲುವುದು ಸಹಜ. ಮಗು ಅದನ್ನು ಅನುಕರಿಸುವುದೂ ಸಹಜ. ಗುಟ್ಕಾ ಬಿಡಲೆಂದು ಹಿರಿಯರು ಬಳಸುವ ನಿಕೋಟಿನ್ ಗಮ್ ಮಗುವಿನ ಕೈಗೆ ಸಿಕ್ಕರೆ ಅದು ವಿಷವೇ ಸರಿ. ಆದ್ದರಿಂದ ನಿಯಮವು ಮಕ್ಕಳಿಗಷ್ಟೇ ಅಲ್ಲ, ನೋಡಿಕೊಳ್ಳುವವರಿಗೂ ಅನ್ವಯವಾಗಬೇಕು.

ವರ್ತಕರ ಪಾತ್ರ

ಇಲ್ಲಿ ವರ್ತಕರಿಗೆ ಒಂದು ಮುಜುಗರದ ಪ್ರಶ್ನೆಯೂ ಎದುರಾಗುತ್ತದೆ. ಅಂಗಡಿಯ ಗಲ್ಲಾದ ಬಳಿ ಬರಣಿಯಲ್ಲಿ ಗಮ್ ಇಟ್ಟು ಮಾರುವವರೂ ಅವರೇ; ಚಿಲ್ಲರೆ ಇಲ್ಲವೆಂದು ಒಂದು ರೂಪಾಯಿಗೆ ಬದಲಾಗಿ ಗಮ್ ಕೊಡುವ ರೂಢಿಯನ್ನು ಬೆಳೆಸಿದವರೂ ಅವರೇ. ಸಂಜೆ ಸಾಮಾನು ಕೊಳ್ಳುವ ತಾಯಿಯ ಸೆರಗಿನ ಗಂಟಿಗೆ ಸೇರಿದ ಗಮ್, ಮರುದಿನ ಬೆಳಿಗ್ಗೆ ಮಗುವಿನೊಡನೆ ಕೇಂದ್ರಕ್ಕೆ ಬರುತ್ತದೆ. ಸಿಂಗಪುರದಂತೆ (1992) ಮಾರಾಟವನ್ನೇ ನಿಷೇಧಿಸಬೇಕೆಂದು ಯಾರೂ ಹೇಳುವುದಿಲ್ಲ. ಆ ದೇಶವೂ 2004ರಲ್ಲಿ ಔಷಧೀಯ ಗಮ್‌ಗೆ ವಿನಾಯಿತಿ ನೀಡಿತು. ಆದರೆ ಎಳೆಗೂಸು ಕಂಕುಳಲ್ಲಿರುವ ಗ್ರಾಹಕರಿಗೆ ಚಿಲ್ಲರೆಯ ಬದಲು ಗಮ್ ಕೊಡದಿರುವುದಕ್ಕೆ ಯಾವ ಕಾನೂನೂ ಬೇಕಿಲ್ಲ.

ಮಾದರಿ ನಿಯಮಗಳು

1. ಕೇಂದ್ರದೊಳಗೆ ಯಾವ ವಯಸ್ಸಿನವರಿಗೂ ಚೂಯಿಂಗ್ ಗಮ್, ಬಬಲ್ ಗಮ್ ಇಲ್ಲ.

2. ಐದು ವರ್ಷದೊಳಗಿನವರಿಗೆ ಇಡಿಯ ಶೇಂಗಾ, ಗಟ್ಟಿ ಮಿಠಾಯಿ, ಇಡಿಯ ದ್ರಾಕ್ಷಿ ಇಲ್ಲ.

3. ಹುಟ್ಟುಹಬ್ಬಕ್ಕೆ ಹಂಚುವ ತಿನಿಸನ್ನು ಪಾಲಕರು ಮೊದಲು ಕೇಂದ್ರದ ನಡೆಸುವವರ ಕೈಗೆ ಕೊಡಬೇಕು.

4. ಆಯಾ, ಸಹಾಯಕರು ಕೆಲಸದ ವೇಳೆ ಎಲೆ ಅಡಿಕೆ, ತಂಬಾಕು, ಗಮ್ ಬಳಸಬಾರದು. ಅವರ ಕೈಚೀಲ ಮಕ್ಕಳಿಗೆ ಎಟುಕದಂತಿರಬೇಕು.

5. ಈ ನಿಯಮಗಳು ಪ್ರವೇಶದ ಅರ್ಜಿಯಲ್ಲಿಯೇ ಮುದ್ರಿತವಾಗಿರಬೇಕು. ಓದಲು ಬಾರದ ತಾಯಿಗೆ ಓದಿ ಹೇಳಿ ಸಹಿ ಪಡೆಯಬೇಕು.

6. ಕನಿಷ್ಠ ಇಬ್ಬರಿಗೆ ಪ್ರಥಮ ಚಿಕಿತ್ಸೆ ತಿಳಿದಿರಬೇಕು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಉಸಿರು ಕಟ್ಟಿದರೆ ಬೆನ್ನಿನ ಮೇಲ್ಭಾಗಕ್ಕೆ 5 ಪೆಟ್ಟು. ಅದರಿಂದ ಹೊರಬಾರದಿದ್ದರೆ ಒಂದು ವರ್ಷದೊಳಗಿನ ಕೂಸಿಗೆ ಎದೆಯ ಮಧ್ಯಭಾಗವನ್ನು, ದೊಡ್ಡ ಮಗುವಿಗೆ ಹೊಕ್ಕುಳಿನ ಮೇಲ್ಭಾಗವನ್ನು 5 ಬಾರಿ ಒತ್ತಬೇಕು. ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಬಾರದು. ಅದೇ ವೇಳೆ ಮತ್ತೊಬ್ಬರು 108ಕ್ಕೆ ಕರೆ ಮಾಡಬೇಕು.

ಉಪಸಂಹಾರ

ನಿಯಮವೊಂದು ಒಳ್ಳೆಯದೋ ಅಲ್ಲವೋ ಎಂದು ಅಳೆಯಲು ಮೂರು ಪ್ರಶ್ನೆ ಸಾಕು: ಪಾಲಿಸಲು ಸುಲಭವೇ? ಮುರಿದಾಗ ಕಣ್ಣಿಗೆ ಬೀಳುತ್ತದೆಯೇ? ತಡೆಯುವ ನಷ್ಟಕ್ಕಿಂತ ಅದರ ವೆಚ್ಚ ಕಡಿಮೆಯೇ? ಗಮ್‌ನ ಸಂಪೂರ್ಣ ನಿಷೇಧ ಈ ಮೂರಕ್ಕೂ ಹೌದೆನ್ನುತ್ತದೆ. ಮಗು ಕ್ಷೇಮವಾಗಿದೆ ಎಂಬ ನಂಬಿಕೆಯಿಂದ ತಾಯಿ ಕೆಲಸಕ್ಕೆ ಕುಳಿತುಕೊಳ್ಳುತ್ತಾಳೆ. ಆ ನಂಬಿಕೆ ಯಾವ ಆಸ್ತಿ–ಹೊಣೆ ಪಟ್ಟಿಯಲ್ಲಿಯೂ ಕಾಣಿಸದು. ಆದರೆ ಘಟಕದ ಬಾಗಿಲು ಪ್ರತಿದಿನ ತೆರೆಯುವುದು ಅದರ ಬಲದಿಂದಲೇ.