‘ಜೋಗ’ದಲ್ಲಿ ಎಷ್ಟು ಬೈಟುಗಳು?

‘ಜೋಗ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆಯೆಂದು ಶಾಲೆಯ ಬಾಲಕನನ್ನು ಕೇಳಿದರೆ ಎರಡು ಎನ್ನುವನು. ಇದೇ ಪ್ರಶ್ನೆಗೆ ಗಣಕವು ಪೈಥಾನ್ ಭಾಷೆಯಲ್ಲಿ ಮೂರೆಂದೂ, ಗೋ ಭಾಷೆಯಲ್ಲಿ ಒಂಬತ್ತೆಂದೂ ಉತ್ತರಿಸುವುದು. ಮೂರು ಉತ್ತರಗಳೂ ಸರಿಯೇ. ಅದು ಹೇಗೆಂಬುದನ್ನು ನಾವು ವಿಚಾರ ಮಾಡೋಣ.

ಗಣಕವು ಬಲ್ಲುದು ಸಂಖ್ಯೆಗಳನ್ನು ಮಾತ್ರ. ಎಂಟು ಬಿಟ್‌ಗಳು ಕೂಡಿ ಒಂದು ಬೈಟು. ಅದರಲ್ಲಿ 0 ಯಿಂದ 255 ರವರೆಗಿನ ಒಂದು ಸಂಖ್ಯೆ ಹಿಡಿಯುವುದು. ಯೂನಿಕೋಡ್ ಪಟ್ಟಿಯಲ್ಲಿ ‘ಜ’ಕಾರಕ್ಕೆ 3228, ಓಕಾರದ ಚಿಹ್ನೆಗೆ 3275, ‘ಗ’ಕಾರಕ್ಕೆ 3223 ಎಂಬ ಸಂಖ್ಯೆಗಳಿವೆ. ಪೈಥಾನ್ ಎಣಿಸುವುದು ಈ ಮೂರನ್ನು. ಇವು ಒಂದು ಬೈಟಿನಲ್ಲಿ ಹಿಡಿಯಲಾರವು. ಆದುದರಿಂದ, 1992 ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಚಿಹ್ನೆಯೂ ಮೂರು ಬೈಟುಗಳಲ್ಲಿ ಹಂಚಿಹೋಗುವುದು. ‘ಜ’ ಎಂದರೆ 224, 178, 156. ಗೋ ಎಣಿಸುವ ಒಂಬತ್ತು ಇವೇ.

ಈಗ ‘ತೀರ್ಥಹಳ್ಳಿ’ಯನ್ನು ತೆಗೆದುಕೊಳ್ಳೋಣ. ಕಣ್ಣಿಗೆ ನಾಲ್ಕು ಅಕ್ಷರ, ಗಣಕದಲ್ಲಿ 30 ಬೈಟು. ಹೆಸರಿಗೆ 20 ಬೈಟುಗಳ ಸ್ಥಳವನ್ನಷ್ಟೇ ಇಟ್ಟು ಅಲ್ಲಿಗೆ ಕತ್ತರಿಸಿದರೆ ‘ಳ’ಕಾರದ ಮೂರನೆಯ ಬೈಟು ಕಳೆದುಹೋಗಿ, ಕೊನೆಗೆ ಓದಲಾಗದ ಚೂರು ಉಳಿಯುವುದು. ಇದಕ್ಕೆ ಪರಿಹಾರ ಸುಲಭವಾಗಿದೆ. ಯುಟಿಎಫ್-8ರಲ್ಲಿ ಹಿಂಬಾಲಿಸುವ ಬೈಟುಗಳೆಲ್ಲ 128 ರಿಂದ 191 ರೊಳಗೇ ಇರುವುವು. ಉಳಿಯಲಾರದ ಮೊದಲನೆಯ ಬೈಟು, ಅಂದರೆ 21ನೆಯದು, ಅಂಥದಾಗಿದ್ದರೆ ಹಿಂದಕ್ಕೆ ಸರಿಯುತ್ತ ಹೋಗಬೇಕು; ಈ ಮಿತಿಯ ಹೊರಗಿನ ಬೈಟು ಸಿಕ್ಕೊಡನೆ ಅದರ ಮುನ್ನವೇ ಕತ್ತರಿಸಬೇಕು. ಆಗ 18 ಬೈಟುಗಳ ‘ತೀರ್ಥಹ’ ಉಳಿಯುವುದು. ಆದರೆ ಸ್ಥಳವು 24 ಬೈಟುಗಳಾಗಿದ್ದರೆ ಇದೇ ನಿಯಮದಿಂದ ‘ತೀರ್ಥಹಳ್’ ಎಂದಾಗುವುದು! ಬೈಟುಗಳು ಕೆಡಲಿಲ್ಲ, ಒತ್ತಕ್ಷರ ಮುರಿಯಿತು.

ಇನ್ನೊಂದು ತೊಡಕುಂಟು. ಓಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು; ಎಕಾರ, ಊಕಾರ, ದೀರ್ಘ ಎಂಬ ಮೂರು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದೇ ಎಣಿಸುವುದು. ಮೊದಲನೆಯ ರೀತಿಯಲ್ಲಿ ‘ಜೋಗ’ 9 ಬೈಟು, ಎರಡನೆಯದರಲ್ಲಿ 15. ಕಣ್ಣಿಗೆ ಭೇದವಿಲ್ಲ, ಬೈಟುಗಳನ್ನು ಹೋಲಿಸುವ ಗಣಕಕ್ಕೆ ಮಾತ್ರ ಅವು ಬೇರೆ ಬೇರೆ ಊರುಗಳು. ದಾಖಲೆಯಲ್ಲಿ ಒಬ್ಬನ ಹೆಸರು ಇದ್ದರೂ, ಹುಡುಕಿದಾಗ ‘ಇಲ್ಲ’ ಎಂಬ ಉತ್ತರ ಬರುವುದು ಹೀಗೆ.

ಆದಕಾರಣ ಕನ್ನಡಕ್ಕಾಗಿ ಕ್ರಮವಿಧಿ ಬರೆಯುವವರು ಸ್ಥಳವನ್ನು ಬೈಟುಗಳಲ್ಲಿ ಅಳೆಯಬೇಕು, ಕತ್ತರಿಸುವುದನ್ನು ಪೂರ್ಣಾಕ್ಷರದ ಮೇರೆಯಲ್ಲಿ ಮಾಡಬೇಕು, ಹೋಲಿಸುವ ಮೊದಲು ಎರಡು ಪದಗಳನ್ನೂ ಒಂದೇ ರೂಪಕ್ಕೆ ತರಬೇಕು.