ರಾಹುಲ್ ದ್ರಾವಿಡ್: ಆಟಗಾರನಿಂದ ಕೋಚ್‌ವರೆಗೆ

ಹುಟ್ಟಿದ್ದು 1973ರ ಜನವರಿ 11ರಂದು ಇಂದೋರ್‌ನಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ. (ಜನ್ಮಸ್ಥಳ ಬೆಂಗಳೂರು ಎಂದು ಗುರುತು ಹಾಕಿ ಅಂಕ ಕಳೆದುಕೊಳ್ಳಬೇಡಿ.) 1996ರಲ್ಲಿ ಲಾರ್ಡ್ಸ್‌ನಲ್ಲಿ ಟೆಸ್ಟ್ ಪದಾರ್ಪಣೆ, 95 ರನ್. ಒಟ್ಟು 164 ಟೆಸ್ಟ್, 13,288 ರನ್. ಟೆಸ್ಟ್‌ನಲ್ಲಿ ಅತಿ ಹೆಚ್ಚು ಎಸೆತ (31,258) ಎದುರಿಸಿದವರು ಇವರೇ. ‘ಗೋಡೆ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಹಳೆಯ ಗೈಡ್‌ಗಳನ್ನು ನಂಬಬೇಡಿ: ಟೆಸ್ಟ್‌ನಲ್ಲಿ ವಿಕೆಟ್‌ಕೀಪರ್ ಅಲ್ಲದವರ ಪೈಕಿ ಗರಿಷ್ಠ, 210 ಕ್ಯಾಚ್‌ಗಳ ದಾಖಲೆ ಈಗ ಇವರದಲ್ಲ. 2025ರ ಜುಲೈನಲ್ಲಿ ಅದೇ ಲಾರ್ಡ್ಸ್‌ನಲ್ಲಿ ಜೋ ರೂಟ್ ಅದನ್ನು ಮುರಿದರು. ಕ್ಯಾಚ್ ಕೊಟ್ಟವರು ನಮ್ಮ ಕರುಣ್ ನಾಯರ್!

ಕೋಚ್ ಆಗಿ 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆಲುವು. ನಾಯಕರಾಗಿ 2007ರ ಏಕದಿನ ವಿಶ್ವಕಪ್‌ನಲ್ಲಿ ಗುಂಪು ಹಂತದಲ್ಲೇ ಸೋತು ವೆಸ್ಟ್ ಇಂಡೀಸ್‌ನಿಂದ ಮರಳಿದವರು, 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಕೋಚ್ ಆಗಿ ಟಿ20 ವಿಶ್ವಕಪ್ ಎತ್ತಿದರು. ಪದ್ಮಶ್ರೀ 2004, ಪದ್ಮಭೂಷಣ 2013.